ಶನಿವಾರದ ಮಕ್ಕಳು, ಮೈಲೂರಿನ ಹುಡುಗಿ

ಆ ಹೆಸರನ್ನು ಒಂದು ಮಗು ಬಯಲಿನ ನಡುವೆ ನಿಂತು ಗಂಟಲು ತೆರೆದು ಕೂಗಿದ್ದನ್ನು ನಾನು ಮೊದಲ ಸಲ ಕೇಳಿದ್ದು ಲಿಲಾಂಗ್ವೆಯಲ್ಲಿ. ಆಫ್ರಿಕದ ಮಲಾವಿ ಅನ್ನುವ ದೇಶದ ರಾಜಧಾನಿ ಇದು. ಬಂದು ಇನ್ನೂ ವಾರ ತುಂಬಿರಲಿಲ್ಲ. ಅವತ್ತು ಶನಿವಾರ. ಆಸ್ಪತ್ರೆಯ ಹಿಂದಿನ ಕೆಂಪು ಮಣ್ಣಿನ ಬಯಲಿನ ತುಂಬ ಮಕ್ಕಳು. ಒಂದು ಕಡೆ ಚೆಂಡಾಟ, ಇನ್ನೊಂದು ಕಡೆ ಹಾಡು. ಹಳದಿ ಅಂಗಿಯ ಹುಡುಗಿಯೊಬ್ಬಳು ನಡುವೆ ನಿಂತು, "ನನಗೆ ಎಚ್‌ಐವಿ ಇದೆ, ಆದರೂ ಓಟದಲ್ಲಿ ನಿಮಗ್ಯಾರಿಗೂ ಸಿಗುವುದಿಲ್ಲ" ಅಂತ ಕೂಗಿ ಓಡಿದಳು. ಪಕ್ಕದ ನರ್ಸ್ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ಮಕ್ಕಳೆಲ್ಲ ನಕ್ಕು ಅವಳ ಬೆನ್ನು ಹತ್ತಿದರು. ನಾನು ಮಾತ್ರ ಹಿಂದೆ ತಿರುಗಿ ನೋಡಿದೆ, ಆಸ್ಪತ್ರೆಯ ಕಿಟಕಿ ಯಾವುದಾದರೂ ತೆರೆದಿದೆಯೇನೋ ಅಂತ.

ಅದು ಔರಾದಿನ ಅಭ್ಯಾಸ. ಬೀದರ್ ಜಿಲ್ಲೆಯ ಔರಾದಿನ ಸರ್ಕಾರಿ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದೆ. ಅಲ್ಲಿ ಈ ಹೆಸರನ್ನು ನಾವು ಬಾಯಿಬಿಟ್ಟು ಹೇಳಿದ್ದೇ ಇಲ್ಲ. "ಆ ಬ್ಯಾನಿ" ಅನ್ನುತ್ತಿದ್ದೆವು. ಅದನ್ನೂ ಬಾಗಿಲು ಮುಂದೆ ಮಾಡಿ. ಕೇಳುವವರಿಗೂ ಅಷ್ಟೇ ಸಾಕಿತ್ತು.

ನಮ್ಮ ಕಡೆ ಆ ಬ್ಯಾನಿಯ ಗುಳಿಗೆ ತರುವ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಸ್ವಂತ ಊರಿನಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಔರಾದಿನವರು ಬೀದರಿಗೆ ಹೋಗುತ್ತಾರೆ, ಬೀದರಿನವರು ಭಾಲ್ಕಿಗೆ, ಭಾಲ್ಕಿಯವರು ಗಡಿ ದಾಟಿ ಉದಗೀರಕ್ಕೆ. ಎಲ್ಲರೂ ತಲೆಯ ಮೇಲೆ ಸೆರಗು, ಬಾಯಿಗೆ ಟವಲು. ಡಬ್ಬಿ ಬಸ್ಸಿನಲ್ಲಿ ಸದ್ದು ಮಾಡಬಾರದು ಅಂತ ಅದರೊಳಗೆ ಹತ್ತಿ ತುರುಕುತ್ತಾರೆ. ನಮ್ಮವ್ವ ಒಮ್ಮೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಓಣಿಯ ಹೆಣ್ಣುಮಗಳ ಎದುರಿಗೇ ಬಂದುಬಿಟ್ಟಳು. ಅವ್ವ ಮದುವೆಗೆ ಬಂದಿದ್ದೆ ಅಂದಳು. ಆಕೆಯೂ ಮದುವೆಗೇ ಬಂದಿದ್ದಳು. ಯಾರ ಮದುವೆ ಅಂತ ಇಬ್ಬರೂ ಕೇಳಲಿಲ್ಲ. ಮನೆಗೆ ಬಂದು ಅವ್ವ ಅದನ್ನು ಹೇಳಿ ನಕ್ಕಳು.

ಇಲ್ಲಿ ಹಾಗೆ ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿಯೂ ಹತ್ತಿರದ ಆಸ್ಪತ್ರೆ ಬಿಟ್ಟು ದೂರದ್ದಕ್ಕೆ ಹೋಗುವವರಿದ್ದಾರೆ. ಚಿತೆಂಜೆ, ಅಂದರೆ ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಬಣ್ಣದ ಬಟ್ಟೆ, ಅದರ ಮಡಿಕೆಯಲ್ಲಿ ಡಬ್ಬಿ ಅಡಗಿಸುವ ತಾಯಂದಿರನ್ನು ನೋಡಿದ್ದೇನೆ. ಆದರೆ ನಮ್ಮ ಆಸ್ಪತ್ರೆಯಲ್ಲಿ ಶನಿವಾರ ಈ ಗುಳಿಗೆ ನುಂಗುವ ಮಕ್ಕಳಿಗೆ ಮಾತ್ರ ಬಿಟ್ಟದ್ದು. ಆ ದಿನ ಅವರು ಯಾರಿಂದಲೂ ಮುಖ ತಿರುಗಿಸುವುದಿಲ್ಲ.

ಊರು ಒಗ್ಗಲು ನನಗೆ ಹೊತ್ತು ಹಿಡಿಯಿತು. ಇಲ್ಲಿನ ಬಡಾವಣೆಗಳಿಗೆ ಹೆಸರಿಲ್ಲ, ಬರೀ ಅಂಕಿ. ನನ್ನ ಬಾಡಿಗೆ ಮನೆ ಇಪ್ಪತ್ತೈದನೇ ಏರಿಯಾದಲ್ಲಿ. ಪಕ್ಕದ್ದು ಇಪ್ಪತ್ತಾರು ಇರಬೇಕು ಅಂತ ನಂಬಿ ಹೊರಟವಳು ಮೊದಲ ತಿಂಗಳೆಲ್ಲ ದಾರಿ ತಪ್ಪಿದೆ. ಬೀದಿಯ ಮಕ್ಕಳು "ಮ್ವೆನ್ಯೆ" ಅಂತ ಕೂಗುತ್ತಿದ್ದವು, ಅಂದರೆ ಇಂಡಿಯಾದವಳು. ಚಿಚೆವಾ ಇಲ್ಲಿಯ ಭಾಷೆ. ಅದರಲ್ಲಿ "ಮುಲಿ ಬ್ವಾಂಜಿ", ಹೇಗಿದ್ದೀರಿ, ಅಂತ ಕೇಳದೆ ಯಾವ ಮಾತನ್ನೂ ಶುರು ಮಾಡುವಂತಿಲ್ಲ. ಒಂದು ಸಲ ಅವಸರದಲ್ಲಿ ನೇರವಾಗಿ ಉಪ್ಪು ಎಷ್ಟು ಅಂತ ಕೇಳಿದ್ದಕ್ಕೆ ಅಂಗಡಿಯವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಮೊದಲಿನಿಂದ ಶುರು ಮಾಡಿ ಅವಳ ಯೋಗಕ್ಷೇಮ, ಮಕ್ಕಳ ಯೋಗಕ್ಷೇಮ ಕೇಳಿದ ಮೇಲೆ ಉಪ್ಪು ಬಂತು. ನಮ್ಮಲ್ಲಿ ಬಗದಲ್ ಕಡೆಯ ಹಳ್ಳಿಗೆ ಹೋದರೂ ಹೀಗೇ ಅಲ್ಲವೇನು, ನೀರು ಕುಡಿಸದೆ ಯಾರು ಮಾತಾಡಿಸುತ್ತಾರೆ.

ಊಟಕ್ಕೆ ನ್ಸಿಮಾ. ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕುದಿಸಿ ತಿರುವಿದ ಮುದ್ದೆ. ಜೋಳದ ರೊಟ್ಟಿಯ ಬಾಯಿಗೆ ಅದು ಮೊದಮೊದಲು ಇಳಿಯಲಿಲ್ಲ. ಆದರೆ ಅದರ ಜೊತೆ ಬಡಿಸಿದ ಸೊಪ್ಪಿನ ಪಲ್ಯದ ಮೊದಲ ತುತ್ತಿಗೇ ನನ್ನ ಕೈ ನಿಂತಿತು. ಶೇಂಗಾ ಪುಡಿ ಹಾಕಿದ್ದರು, ನಮ್ಮವ್ವ ಹಾಕಿದ ಹಾಗೆಯೇ. ಮನೆಯ ಮಾಲೀಕಳು ಖಾರ ಹೆಚ್ಚಾಯಿತೇನು ಅಂತ ಕೇಳಿದಳು. ಖಾರ ಇರಲೇ ಇಲ್ಲ. ನಾನು ಹೌದು ಅಂದೆ.

ನನ್ನ ಕೆಲಸ ಇಲ್ಲಿಯ ನರ್ಸುಗಳಿಗೆ ಕಲಿಸುವುದು. ಹುಟ್ಟಿನಿಂದಲೇ ಎಚ್‌ಐವಿ ಬಂದ ಮಕ್ಕಳಿಗೆ ಆ ವಿಷಯವನ್ನು ಹ್ಯಾಗೆ ತಿಳಿಸಬೇಕು ಅನ್ನುವುದು ಅದರಲ್ಲಿ ಬಹಳ ನಾಜೂಕಿನ ಭಾಗ. ಸಣ್ಣವರಿದ್ದಾಗ, ಮೈಯೊಳಗೆ ಒಂದು ಹುಳ ಮಲಗಿದೆ, ಗುಳಿಗೆ ಅದನ್ನು ಏಳಗೊಡುವುದಿಲ್ಲ ಅಂತ ಹೇಳಬೇಕು. ಬುದ್ಧಿ ಬಂದ ಹಾಗೆ ಒಂದೊಂದೇ ಮಾತು ಸೇರಿಸಬೇಕು. ದೊಡ್ಡವರಾಗುವುದರೊಳಗೆ ಹೆಸರು ಹೇಳಿಬಿಡಬೇಕು. ಹೇಳುವವರು ಮಗುವನ್ನು ಪ್ರೀತಿಸುವವರೇ ಆಗಿರಬೇಕು, ಹೊರಗಿನ ಯಾರದೋ ಬಾಯಿಂದ ಅದು ಕೇಳಬಾರದು. ಇದನ್ನು ನಾನು ಚಿಚೆವಾದಲ್ಲಿ ಹೇಳಬಲ್ಲೆ. ತಾಯಂದಿರು ತಲೆ ತೂಗುತ್ತಾರೆ.

ನನ್ನ ಮನೆಯಲ್ಲಿ ಮಾತ್ರ ಇದು ಆಗಿರಲಿಲ್ಲ.

ನಮ್ಮಕ್ಕ, ಭಾವ ಇಬ್ಬರೂ ಆ ಬ್ಯಾನಿಯಲ್ಲೇ ಹೋದರು. ಅಕ್ಕನ ಮಗಳು ಪ್ರಜ್ಞಾಗೆ ಆಗ ನಾಲ್ಕು ವರ್ಷ. ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಹಾಸಿದ ಚಾಪೆಯ ಮೇಲೆ, ಅವ್ವನ ಮಗ್ಗುಲಲ್ಲೇ ಬೆಳೆದಳು. ನನಗೆ ಮೌಶಿ ಅನ್ನುತ್ತಾಳೆ, ಅವ್ವನಿಗೆ ಆಯಿ. ದಿನಾ ರಾತ್ರಿ ಊಟವಾದ ಮೇಲೆ ಒಂದು ಗುಳಿಗೆ. ಯಾಕೆ ಅಂತ ಕೇಳಿದರೆ ಅವ್ವ "ನಿನ್ನ ಮೈಯಾಗ ರಕ್ತ ಕಡಿಮಿ ಅದ" ಅನ್ನುತ್ತಿದ್ದಳು. ಹುಡುಗಿ ಮುಂದೆ ಏನೂ ಕೇಳುತ್ತಿರಲಿಲ್ಲ.

ಹೋದ ಸಲ ರಜೆಗೆ ಬಂದಾಗ ಹೇಳಲೇಬೇಕು ಅಂತ ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ಬ್ಯಾನಿ ಹೆಸರು ಹೇಳಿದ್ರ ಅಕಿ ಮುಂದ ಏನ ಕೇಳ್ತಾಳ ಗೊತ್ತದ? ನಮ್ಮವ್ವ ಹ್ಯಾಂಗ ಸತ್ಲು ಅಂತ ಕೇಳ್ತಾಳ. ಅದಕ ನೀ ಏನ ಹೇಳಾಕಿ?"

ಬರುವ ರಜೆಗೆ ಹೇಳೋಣ, ಇನ್ನೊಂದು ವರ್ಷ ದೊಡ್ಡವಳಾಗಲಿ ಅಂತ ಇಬ್ಬರೂ ಒಪ್ಪಿಕೊಂಡೆವು. ಅಷ್ಟು ದೊಡ್ಡ ಮಾತು ಫೋನಿನಲ್ಲಿ ಹೇಳಕೂಡದು ಅಂತ ಅವ್ವ ಆಣೆ ಹಾಕಿಸಿಕೊಂಡಳು. ನಾನು ಮತ್ತೆ ಇಲ್ಲಿಗೆ ಬಂದು ಬೇರೆಯವರ ಮಕ್ಕಳಿಗೆ ಹೇಳುವುದನ್ನು ಕಲಿಸತೊಡಗಿದೆ.

ಈ ಸಲದ ಬೀದರಿನ ಚಳಿಗಾಲದಲ್ಲಿ ಪ್ರಜ್ಞಾ ಗುಳಿಗೆ ಒಲ್ಲೆ ಅನ್ನಲು ಶುರು ಮಾಡಿದಳು. ಹತ್ತನೇ ಇಯತ್ತೆಯ ಹುಡುಗಿ. ನನಗೇನೂ ಆಗಿಲ್ಲ, ನಾನ್ಯಾಕೆ ನುಂಗಬೇಕು ಅಂತ ಹಟ. ಭಾಲ್ಕಿಯಲ್ಲಿ ರಕ್ತ ನೋಡಿದವರು ವೈರಸ್ ಏರಿದೆ ಅಂದರು. ಹೀಗೇ ನಡೆದರೆ ಗುಳಿಗೆಗೆ ಅದು ಬಗ್ಗುವುದಿಲ್ಲ. ಅದರ ಅರ್ಥ ಅವ್ವನಿಗಿಂತ ನನಗೆ ಚೆನ್ನಾಗಿ ಗೊತ್ತು, ನಮ್ಮಕ್ಕನನ್ನು ನೋಡಿಕೊಂಡವಳು ನಾನೇ. ಅವತ್ತಿನಿಂದ ಅವ್ವ ಗುಳಿಗೆಯ ಹೊತ್ತಿಗೆ ವಿಡಿಯೋ ಫೋನ್ ಹಚ್ಚಿ ಹುಡುಗಿಯ ಕೈಗೆ ಕೊಡತೊಡಗಿದಳು. ಅಲ್ಲಿ ರಾತ್ರಿ ಊಟದ ಹೊತ್ತು ಅಂದರೆ ಇಲ್ಲಿ ಇನ್ನೂ ಬಿಸಿಲು. ನಾನು ಇಲ್ಲಿಂದ ಪುಸಲಾಯಿಸುವುದು, ಅವಳು ಅಲ್ಲಿಂದ ಚಾವಣಿ ನೋಡುವುದು. ಕೆಲವು ದಿನ ನುಂಗುತ್ತಿದ್ದಳು, ಕೆಲವು ದಿನ ನುಂಗಿದಂತೆ ಮಾಡುತ್ತಿದ್ದಳು.

ಒಂದು ಶನಿವಾರ ಮಕ್ಕಳು ಮನೆಗೆ ಹೊರಟ ಹೊತ್ತಿಗೇ ಆ ಫೋನ್ ಬಂತು. ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಥೋಕೊ ಕೂತಿದ್ದಳು. ಮೊದಲ ದಿನ ಹಳದಿ ಅಂಗಿಯಲ್ಲಿ ಕೂಗಿ ಓಡಿದವಳು ಅವಳೇ. ಈಗ ಸಣ್ಣ ಮಕ್ಕಳಿಗೆ ಮುಂದಾಳು. ಎದ್ದು ದೂರ ಹೋಗಬೇಕು ಅನ್ನುವುದರೊಳಗೆ ಅವಳು ಪರದೆಯಲ್ಲಿ ಇಣುಕಿದಳು. ಪ್ರಜ್ಞಾಳ ಕೈಯಲ್ಲಿ ಬಿಳಿ ಡಬ್ಬಿ ಇತ್ತು. ಚೀಟಿಯನ್ನು ಅವ್ವ ಉಗುರಿನಿಂದ ಕೆರೆದು ಕಿತ್ತಿದ್ದಳು. ಕಿತ್ತರೇನು, ಥೋಕೊಗೆ ಗುರುತು ಸಿಕ್ಕಿತು. ಇಲ್ಲಿಗೆ ಬರುವ ಗುಳಿಗೆಗಳು ಹೈದರಾಬಾದಿನ ಕಡೆ ತಯಾರಾದವು, ನಮ್ಮೂರಿಂದ ಒಂದು ಹಗಲಿನ ದಾರಿಯೂ ಅಲ್ಲ. ಅವಳು ತನ್ನ ಚೀಲದಿಂದ ಅದೇ ಡಬ್ಬಿ ತೆಗೆದು ಪರದೆಗೆ ಹಿಡಿದು ಗಲಗಲ ಆಡಿಸಿದಳು. ಪ್ರಜ್ಞಾ ಮುಂದಕ್ಕೆ ಬಗ್ಗಿದಳು. ಬಹಳ ದಿನಗಳ ಮೇಲೆ ಆ ಮುಖದಲ್ಲಿ ಒಂದು ಕುತೂಹಲ ಕಂಡಿತು. ಹಿಂದೆ ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು.

ಥೋಕೊ ಇಂಗ್ಲಿಷಿನಲ್ಲಿ ಕೇಳಿದಳು. ಶನಿವಾರ ಹೊಸದಾಗಿ ಬಂದ ಯಾವ ಮಗುವಿಗಾದರೂ ಅವಳು ಕೇಳುವ ಮೊದಲ ಪ್ರಶ್ನೆ ಅದು: ನಿನಗೆ ಯಾರು ಹೇಳಿದರು?

ನಾನು ಕನ್ನಡದಲ್ಲಿ, ನೀ ಯಾವ ಇಯತ್ತೆ ಅಂತ ಕೇಳ್ತಾಳ, ಅಂದೆ.

ಪ್ರಜ್ಞಾ ನನ್ನನ್ನೇ ನೋಡಿದಳು. ರೊಟ್ಟಿಯ ಸದ್ದು ನಡೆದೇ ಇತ್ತು. ಅವಳು ದನಿ ಇಳಿಸಿದಳು.

"ಮೌಶಿ, ಅಕಿ ಕೇಳಿದ್ದು ಅದಲ್ಲ."

ನಾನು ಫೋನನ್ನು ಮುಖದ ಹತ್ತಿರಕ್ಕೆ ತಂದೆ.

"ಯಾರೂ ಹೇಳಿಲ್ಲ ಅಂತ ಹೇಳು ಅಕಿಗಿ. ನಾನೇ ತಿಳ್ಕೊಂಡೀನಿ ಅಂತ ಹೇಳು."

ಹೇಳಿದೆ. ಬೇರೆ ಏನು ಮಾಡಲಿ. ನನ್ನ ಅಕ್ಕನ ಮಗಳ ಮಾತನ್ನು ಪರರ ಮಗಳಿಗೆ ಪರದೇಶದ ಮಾತಿನಲ್ಲಿ ಒಪ್ಪಿಸಿದೆ. ಹ್ಯಾಗೆ ತಿಳಿಯಿತು ಅಂತ ಥೋಕೊ ಕೇಳಿದಳು. ಈ ಸಲ ಇದ್ದದ್ದನ್ನು ಇದ್ದಹಾಗೇ ಕನ್ನಡಕ್ಕೆ ತಂದೆ.

"ಭಾಲ್ಕಿ ದವಾಖಾನ್ಯಾಗ ಬೆಂಚಿನ ಮ್ಯಾಲ ಯಾರೂ ಯಾರ ಮಾರಿ ನೋಡಂಗಿಲ್ಲ. ರಕ್ತ ಕಡಿಮಿ ಇದ್ದವರು ಹಂಗ ಕೂಡಂಗಿಲ್ಲ. ಏಳನೇತ್ತಾಗ ಇದ್ದಾಗೇ ತಿಳೀತು. ಸಾಲ್ಯಾಗ ಆ ಬ್ಯಾನಿ ಪಾಠ ಬಂದಾಗ ಖಾತ್ರಿ ಆತು."

ಏಳನೇ ಇಯತ್ತೆ. ನಾನು ಹೋದ ಸಲ ಬಂದು ಹಿತ್ತಲಲ್ಲಿ ಸುಮ್ಮನಾಗಿ ಹೋದಾಗಲೂ ಅವಳಿಗೆ ಗೊತ್ತಿತ್ತು. ವಿಮಾನ ಹತ್ತಿಸಲು ಹೈದರಾಬಾದಿನ ತನಕ ಬಂದು, ಚಾಕಲೇಟು ಕಳಿಸು ಮೌಶಿ ಅಂದಾಗಲೂ ಗೊತ್ತಿತ್ತು. ಅಷ್ಟು ವರ್ಷ ಅದನ್ನು ಒಬ್ಬಳೇ ಇಟ್ಟುಕೊಂಡು ಶಾಲೆಗೆ ಹೋಗಿ ಬಂದಿದ್ದಾಳೆ.

ಥೋಕೊ "ಪೆಪಾನಿ" ಅಂದಳು. ಇಲ್ಲಿಯವರು ಯಾರಾದರೂ ಎಡವಿದರೂ, ಯಾರ ಮನೆಯಲ್ಲಾದರೂ ಸಾವಾದರೂ ಅನ್ನುವ ಮಾತು. ತಮ್ಮ ತಪ್ಪಿರಬೇಕು ಅಂತಿಲ್ಲ. ನಿನಗಾದದ್ದು ನನಗೂ ನೋವು ಅಂತ ಅಷ್ಟೇ. ಪ್ರಜ್ಞಾ ಅರ್ಥ ಕೇಳಿದಳು, ಹೇಳಿದೆ. ಅವಳು ಡಬ್ಬಿಯ ಮುಚ್ಚಳ ತಿರುವಿ ತೆಗೆದಳು.

ಹಾಗಾದರೆ ಗುಳಿಗೆ ಯಾಕೆ ಬಿಟ್ಟೆ, ಎಲ್ಲ ಗೊತ್ತಿದ್ದೂ ಯಾಕೆ ಬಿಟ್ಟೆ, ಅಂತ ಕೇಳಿದೆ. ಸಿಟ್ಟು ಬಂದಿತ್ತು ನನಗೆ, ಯಾರ ಮೇಲೆ ಅಂತ ತಿಳಿಯಲಿಲ್ಲ.

"ಬಿಟ್ರರ ಖರೇ ಹೇಳ್ತೀರೇನೋ ಅಂತ ನೋಡ್ದೆ."

ಅಷ್ಟು ಹೇಳಿ ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು. ನಾಲಿಗೆ ತೆಗೆದು ತೋರಿಸಿದಳು, ನನಗಲ್ಲ, ಥೋಕೊಗೆ. ಥೋಕೊ ಚಪ್ಪಾಳೆ ತಟ್ಟಿದಳು. ಆವತ್ತಿನಿಂದ ಪ್ರಜ್ಞಾ ಒಂದು ರಾತ್ರಿಯೂ ತಪ್ಪಿಸಿಲ್ಲ. ಇಬ್ಬರೂ ತಮ್ಮ ತಮ್ಮ ಹರಕು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ, ನಡುವೆ ನನ್ನ ಅಗತ್ಯ ಈಗ ಅಷ್ಟಿಲ್ಲ. ಇದನ್ನೆಲ್ಲ ಬರಿ ಅಂದವಳು ನಮ್ಮ ಹುಡುಗಿಯೇ. ಪ್ರಜ್ಞಾ ಅವಳ ಹೆಸರಲ್ಲ, ಈ ಬರಹಕ್ಕೆ ಅಂತ ತಾನೇ ಆರಿಸಿಕೊಂಡದ್ದು. ಥೋಕೊಳ ಹೆಸರೂ ಬೇರೆ. ನಮ್ಮ ಮನೆಯ ಗುರುತುಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ.

ಅವ್ವನಿಗೆ ಮಾತ್ರ ಇನ್ನೂ ಗೊತ್ತಿಲ್ಲ. ಹಟ ತಾನಾಗೇ ಬಿಟ್ಟಿತು ಅಂದುಕೊಂಡಿದ್ದಾಳೆ. ಬರುವ ರಜೆಗೆ ನೀನೇ ಕೂತು ಹೇಳು, ನಿನಗೆ ಹೇಳಲು ಬರುತ್ತದೆ, ಅಂತ ವಾರಕ್ಕೊಮ್ಮೆ ನೆನಪು ಮಾಡುತ್ತಾಳೆ. ಪ್ರಜ್ಞಾಳನ್ನು ಕೇಳಿದೆ, ಆಯಿಗೆ ಏನು ಹೇಳೋಣ ಅಂತ.

"ಗೊತ್ತದ ಅಂದ್ರ ಆಯಿಗಿ ಭಾಳ ಸಂಕಟ ಆಗ್ತದ. ನೀ ಬಂದು ಆಯಿ ಮುಂದ ಕೂಡಿಸಿ ಹೇಳು ಮೌಶಿ. ನಾ ಹೊಸದಾಗಿ ಕೇಳ್ದಂಗ ಕೇಳ್ತೇನಿ. ನನ್ನ ಹೆತ್ತವ್ವನ ಸುದ್ದಿ ಖರೇನೇ ಕೇಳೋದದ, ಅದು ನನಗ ಗೊತ್ತಿಲ್ಲ."

ಮೇ ತಿಂಗಳಿಗೆ ಬರುತ್ತಿದ್ದೇನೆ. ಇಲ್ಲಿ ಆಗ ಚಳಿ, ಅಲ್ಲಿ ಬೀದರಿನ ಬಿಸಿಲು. ಬೆಳಿಗ್ಗೆ ಬಟ್ಟೆ ಒಗೆಯುತ್ತ ಆ ಮಾತನ್ನು ಹ್ಯಾಗೆ ಶುರು ಮಾಡಲಿ ಅಂತ ಬಾಯಲ್ಲಿ ಹೇಳಿ ನೋಡಿಕೊಳ್ಳುತ್ತೇನೆ. ಚಿಚೆವಾದಲ್ಲಿ ತಡೆಯಿಲ್ಲದೆ ಬರುತ್ತದೆ, ಕೊನೆಯ ತನಕ. ನಮ್ಮ ಮಾತಿನಲ್ಲಿ "ಪ್ರಜ್ಞಾ, ಬಾ, ಇಲ್ಲಿ ಕೂಡು" ಅನ್ನುವ ತನಕ ಬಂದು ನಿಲ್ಲುತ್ತದೆ. ಹಿತ್ತಲ ಬೇಲಿಯ ಆಚೆಯಿಂದ ಮನೆಯ ಮಾಲೀಕಳು ಯಾರ ಜೊತೆ ಮಾತಾಡುತ್ತಿದ್ದೀ ಅಂತ ಕೇಳುತ್ತಾಳೆ. ಮನೆಯವರ ಜೊತೆ ಅನ್ನುತ್ತೇನೆ. ಅದನ್ನೂ ಅವಳ ಭಾಷೆಯಲ್ಲೇ ಅನ್ನುತ್ತೇನೆ.