ವಾಸುವಿಗೆ ಹಾಕದ ಎಲೆ

ಸುಗುಣ, ನಿನ್ನ ಅಣ್ಣ ವಾಸು ಬದುಕಿಲ್ಲ. ಕುವೈತ್ ಯುದ್ಧದ ವರ್ಷವೇ, ಜೋರ್ಡಾನ್ ಗಡಿಯ ಮರಳಿನಲ್ಲಿ ಸತ್ತ. ಅದೇ ವರ್ಷ ನನಗೆ ಅದು ಗೊತ್ತಾಯಿತು. ಗೊತ್ತಿದ್ದೂ ನಿಮ್ಮ ಅಮ್ಮನಿಗೆ, ನಿನಗೆ, ಇಡೀ ವೇಣೂರಿಗೆ — ಇದ್ದಾನೆ, ಇವತ್ತಲ್ಲ ನಾಳೆ ಬರುತ್ತಾನೆ ಎಂದು ಹೇಳುತ್ತಾ ಬಂದವನು ನಾನು. ಅದನ್ನೇ ನಂಬಿಕೊಂಡು ಅಮ್ಮ ಈ ಬೇಸಿಗೆಯಲ್ಲಿ ಹೋದರು.

ಬರೆದಾಯಿತು. ಇಷ್ಟು ಬರೆಯಲು ನನಗೆ ಒಂದು ಜೀವಮಾನ ಹಿಡಿಯಿತು.

ಅಮ್ಮನ ಉತ್ತರಕ್ರಿಯೆಯ ದಿನ ನಾನು ಬಡಿಸುವವರ ಮೇಲೆ ಕೂಗಾಡುತ್ತಾ ಓಡಾಡುತ್ತಿದ್ದೆ. ನೀನು ಹತ್ತಿರ ಬಂದು ಮೆಲ್ಲ ಕೇಳಿದೆ — "ಅಮ್ಮ ಹೋದದ್ದು ಅಣ್ಣನಿಗೆ ಹೇಗೆ ತಿಳಿಸುವುದು ಸಂಜೀವಣ್ಣ? ದಾರಿ ಏನಾದರೂ ಉಂಟಾ?" ನಾನು ಸಾರಿನ ಬಕೆಟ್ ಎತ್ತಿಕೊಂಡು ಆಚೆ ಪಂಕ್ತಿಗೆ ಹೋದೆ. ಕೆಲಸದ ಮನುಷ್ಯ, ಗಡಿಬಿಡಿಯಲ್ಲಿದ್ದಾನೆ ಎಂದು ನೀನು ತಿಳಿದುಕೊಂಡಿರಬೇಕು. ಎಲ್ಲರೂ ನನ್ನನ್ನು ಹಾಗೆಯೇ ತಿಳಿದುಕೊಂಡದ್ದು — ನಾನೂ ಅದರ ಹಿಂದೆಯೇ ಅಡಗಿ ಕೂತದ್ದು.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೂಡಬಿದ್ರೆಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣ ಹೊತ್ತು, ಕಣ್ಣು ಸುಟ್ಟುಕೊಂಡು ಕೆಲಸ ಕಲಿತವನು. ಓದಿದವರ ಎದುರು ತಲೆ ತಗ್ಗಿಸಬಾರದು, ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದು — ಅದೊಂದೇ ನನ್ನ ಆಸ್ತಿ. ಕುವೈತಿಗೆ ಹೋಗಿ ಕಾಲೂರಿದ ಮೇಲೆ ಅಲ್ಲಿಯದೇ ವರ್ಕ್‌ಶಾಪಿಗೆ ವಾಸುವಿಗೂ ವೀಸಾ ಮಾಡಿಸಿದೆ. ರಜೆಯಲ್ಲಿ ಬಂದು ಅವನನ್ನು ಕರೆದುಕೊಂಡು ಹೊರಟ ದಿನ ನಿನಗೆ ನೆನಪಿರಬಹುದು. ವೇಣೂರಿನ ಬಸ್ ನಿಲ್ದಾಣದಲ್ಲಿ ಅಮ್ಮ ಅವನ ಕೈ ಹಿಡಿದು ನನ್ನ ಕೈಯ ಮೇಲೆ ಇಟ್ಟರು.

"ಸಂಜೀವ, ನಿನ್ನ ಕೈಯಲ್ಲಿ ಕೊಟ್ಟಿದ್ದೇನೆ. ತಿರುಗಿ ತಂದು ಕೊಡುವ ಜವಾಬ್ದಾರಿ ನಿನ್ನದೇ."

"ಎಂತ ಅಮ್ಮ, ಇವ ಗ್ಯಾಸ್ ಸಿಲಿಂಡರಾ ವಾಪಸ್ ಕೊಡಲಿಕ್ಕೆ?" ಎಂದೆ ನಾನು.

"ಖಾಲಿಯಾದ ಮೇಲೆ ಕೊಡು ಸಂಜೀವಣ್ಣ, ಅಮ್ಮ ತುಂಬಿಸಿ ಕಳಿಸ್ತಾರೆ" ಎಂದ ವಾಸು. ನೀನೂ ನಕ್ಕಿದ್ದೆ. ಅಮ್ಮ ಮಾತ್ರ ನಗಲಿಲ್ಲ. ಹೊಸದಾಗಿ ಮಾಡಿಸಿದ ಬೆಳ್ಳಿಯ ಉಡಿದಾರವನ್ನು ಅವನ ಅಂಗಿ ಎತ್ತಿ, ಅಷ್ಟು ಜನರ ಎದುರೇ ಸೊಂಟಕ್ಕೆ ಕಟ್ಟಿದರು. ಅವನು ನಾಚಿಕೆಯಿಂದ ಕೆಂಪಾಗಿದ್ದ.

ಆ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿನೊಳಗೆ ಬಂತು. ನಮ್ಮ ವರ್ಕ್‌ಶಾಪನ್ನು ದೋಚಿಕೊಂಡು ಹೋದರು. ಮಾಲೀಕ ಎಲ್ಲಿಗೆ ಓಡಿದನೋ ಗೊತ್ತಿಲ್ಲ. ಇದ್ದ ಬ್ರೆಡ್ಡು ತಿಂದುಕೊಂಡು ಕೆಲವು ವಾರ ಕೋಣೆಯೊಳಗೇ ಕೂತೆವು. ಮತ್ತೆ ಎಲ್ಲರ ಹಾಗೆ ನಾವೂ ಬಸ್ಸು ಹಿಡಿದು ಬಾಗ್ದಾದ್ ದಾಟಿ ಜೋರ್ಡಾನ್ ಗಡಿಗೆ ಬಂದೆವು. ಅಲ್ಲಿಂದ ಮುಂದೆ ಬಿಡಲಿಲ್ಲ. ಎರಡು ದೇಶಗಳ ನಡುವಿನ ಬಯಲಿನಲ್ಲಿ ಡೇರೆಗಳು. ಕಣ್ಣು ಹಾಯುವವರೆಗೂ ನಮ್ಮಂಥವರೇ. ಮರದ ನೆರಳು ಎನ್ನುವುದು ಇಲ್ಲವೇ ಇಲ್ಲ. ನೀರಿನ ಟ್ಯಾಂಕರ್ ಬಂದರೆ ಜನ ಒಬ್ಬರ ಮೇಲೊಬ್ಬರು ಬೀಳುವರು. ಊರಿಗೆ ಕಳಿಸುವ ವಿಮಾನ ಅಮ್ಮಾನಿನಿಂದ. ಅಲ್ಲಿಗೆ ಹೋಗಲು ಬಸ್ಸು ಬರಬೇಕು. ಅದು ಯಾವಾಗ ಬರುತ್ತದೆ, ಯಾರನ್ನು ಹತ್ತಿಸುತ್ತದೆ — ಹೇಳುವವರಿರಲಿಲ್ಲ.

ಅಲ್ಲಿ ವಾಸುವಿಗೆ ವಾಂತಿ ಭೇದಿ ಶುರುವಾಯಿತು. ಅಂಥ ಗಟ್ಟಿ ಹುಡುಗ ಒದ್ದೆ ಬಟ್ಟೆಯ ಹಾಗೆ ಆಗಿಹೋದ. ಕಾಯಿಲೆಯವರನ್ನು ಬಸ್ಸಿಗೆ ಹತ್ತಿಸುವುದಿಲ್ಲವಂತೆ, ಜೊತೆಗಿದ್ದವರನ್ನೂ ತಡೆದು ಇಟ್ಟುಕೊಳ್ಳುತ್ತಾರಂತೆ ಎಂದು ಪಕ್ಕದ ಡೇರೆಯಲ್ಲಿ ಯಾರೋ ಹೇಳಿದರು. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ವಿಚಾರಿಸಿ ಸುಳ್ಳು ಎಂದು ಗೊತ್ತಾಗಿದ್ದರೆ ನಾನು ಅಲ್ಲೇ ಉಳಿಯಬೇಕಾಗಿತ್ತು — ಅದಕ್ಕೇ ಇರಬೇಕು.

ಅವನು ನನ್ನ ಪ್ಯಾಂಟಿನ ತುದಿ ಹಿಡಿದುಕೊಂಡು ಹೇಳಿದ, "ಸಂಜೀವಣ್ಣ, ಬಿಟ್ಟು ಹೋಗಬೇಡ ಆಯ್ತಾ."

"ಎಂತ ಮಾರಾಯ, ನೀರು ತರ್ತೇನೆ. ನೀನು ಇಲ್ಲೇ ಮಲಗಿರು."

ಅವನೊಡನೆ ನಾನು ಆಡಿದ ಕೊನೆಯ ಮಾತು ಅದು. ನಾನು ನೀರಿಗೇ ಹೋದದ್ದು, ಟ್ಯಾಂಕರಿನ ಹತ್ತಿರವೇ ಬಸ್ಸು ಬಂದು ನಿಂತಿತು, ಜನ ನುಗ್ಗಿದರು, ನನ್ನನ್ನೂ ದೂಡಿಕೊಂಡು ಹೋದರು — ಹೀಗೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಸುಗುಣ, ನೀರಿಗೆ ಹೋಗುವವನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋಗುತ್ತಾನಾ? ನಾನು ಹಾಕಿಕೊಂಡಿದ್ದೆ. ಡೇರೆಯಿಂದ ಹೊರಗೆ ಕಾಲಿಡುವಾಗಲೇ ದೂರದಲ್ಲಿ ಬಸ್ಸಿನ ಧೂಳು ಕಂಡಿತ್ತು. ವಾಸು ನನ್ನ ಹೆಗಲನ್ನೇ ನೋಡುತ್ತಿದ್ದ.

ಅಮ್ಮಾನಿನಲ್ಲಿ ಇಳಿದಾಗ ಖಾಲಿ ಕ್ಯಾನು ಕೈಯಲ್ಲೇ ಇತ್ತು.

ಊರಿಗೆ ಬಂದೆ. ಬಸ್ ನಿಲ್ದಾಣದಲ್ಲಿ ಜನವೋ ಜನ. ಯುದ್ಧ ಗೆದ್ದು ಬಂದವನ ಹಾಗೆ ನನ್ನನ್ನು ಮುಟ್ಟಿ ಮುಟ್ಟಿ ನೋಡಿದರು. ಅಮ್ಮ ಮಾತ್ರ ನನ್ನ ಹಿಂದೆ ಬಸ್ಸಿನ ಬಾಗಿಲನ್ನು ನೋಡುತ್ತಿದ್ದರು — ಮತ್ತೆ ಯಾರು ಇಳಿಯುತ್ತಾರೆ ಎಂದು. ಆಗಲೇ ಅವರ ಕಾಲಿಗೆ ಬೀಳಬಹುದಿತ್ತು. ಬಿಟ್ಟು ಬಂದೆ ಅಮ್ಮ ಎಂದು ಬೊಬ್ಬೆ ಹಾಕಬಹುದಿತ್ತು. ಅಷ್ಟು ಜನರ ಎದುರು, ಅದೇ ಜಾಗದಲ್ಲಿ... "ಹಿಂದಿನ ಬಸ್ಸಿನಲ್ಲಿದ್ದಾನೆ, ಬರ್ತಾನೆ" ಎಂದೆ.

ಅಷ್ಟೇ ಆಗಿದ್ದರೆ ಅದು ಹೇಡಿಯ ಸುಳ್ಳು. ಮುಂದೆ ಮಾಡಿದ್ದಕ್ಕೆ ಏನು ಹೆಸರು ಕೊಡಬೇಕೋ ನನಗೆ ತಿಳಿಯದು.

ಆ ವರ್ಷ ಕ್ರಿಸ್‌ಮಸ್ಸಿನ ಸುಮಾರಿಗೆ ಬಂಟ್ವಾಳದ ಇಬ್ರಾಹಿಂ ಎಂಬ ಬ್ಯಾರಿಯೊಬ್ಬರು ವೇಣೂರಿಗೆ ಬಂದರು. ನಾನು ಬಸ್ ನಿಲ್ದಾಣದ ಎದುರು ಶಾಪು ಇಟ್ಟು ಸ್ವಲ್ಪವೇ ದಿನ ಆಗಿತ್ತು. ಬಸ್ಸಿಳಿದವರು ನೇರ ನನ್ನ ಹತ್ತಿರವೇ ದಾರಿ ಕೇಳಿದರು.

"ಕುವೈತಿನಲ್ಲಿದ್ದ ವಾಸು, ಅವನ ತಾಯಿಯ ಮನೆ ಯಾವುದು ಅಣ್ಣ?"

ನನ್ನ ಕೈಯ ವೆಲ್ಡಿಂಗ್ ರಾಡು ಬಿತ್ತು. ಯಾಕೆ, ಎಂತ ವಿಷಯ ಎಂದು ಕೇಳಿದೆ. ಅವರು ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಕೂತು ಹೇಳಿದರು. ಅವರದ್ದೂ ಅದೇ ಬಯಲು. ತುಳುವಿನಲ್ಲಿ ನರಳುವುದು ಕೇಳಿ ಡೇರೆಯೊಳಗೆ ಹೋದರಂತೆ. ಆ ಸಂಜೆಯವರೆಗೆ ತಲೆ ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆ ಅದ್ದಿ ಅದ್ದಿ ನೀರು ಹಿಂಡಿದರಂತೆ. ಸತ್ತ ಮೇಲೆ ಇವರೇ ನಾಲ್ಕು ಜನರನ್ನು ಸೇರಿಸಿ ಮರಳು ತೋಡಿದ್ದು.

"ನೀರಿಗೆ ಹೋದ ಸಂಜೀವಣ್ಣ ಬಂದನಾ, ಬಂದನಾ ಅಂತ ಕೇಳ್ತಿದ್ದ ಪಾಪದವ. ನಾನು, ಬರ್ತಿದ್ದಾನೆ ಮೋನೇ, ಕ್ಯೂ ಉದ್ದ ಉಂಟು ಅಂತ ಹೇಳ್ತಾ ಇದ್ದೆ. ಆ ಸಂಜೀವ ಅನ್ನುವವ ಈ ಊರಿನವನಾ? ನಿಮಗೆ ಗೊತ್ತುಂಟಾ?"

"ಗೊತ್ತಿಲ್ಲ" ಎಂದೆ.

ಅವರು ಲುಂಗಿಯ ಮಡಿಲಿನಿಂದ ಕರವಸ್ತ್ರದ ಗಂಟು ತೆಗೆದರು. ಅದರಲ್ಲಿ ಉಡಿದಾರ. ತಾಯಿಗೆ ಕೊಡಬೇಕು ಎಂದರು. ನಾನು, ಆ ಅಮ್ಮನಿಗೆ ಎದೆಯ ತೊಂದರೆ ಉಂಟು, ಪರಿಚಯ ಇಲ್ಲದವರು ಹೋಗಿ ಹೇಳಿದರೆ ಕಷ್ಟ, ನಾನು ಹತ್ತಿರದವ, ಸಮಯ ನೋಡಿ ಹೇಳುತ್ತೇನೆ ಎಂದೆ. ಆ ಒಳ್ಳೆಯ ಮನುಷ್ಯ ನಂಬಿದರು. "ಅದೂ ಸರಿಯೇ. ನಿಮ್ಮವರಿಗೆ ನೀವು ಹೇಳುವುದೇ ಚಂದ" ಎಂದು ಗಂಟನ್ನು ನನ್ನ ಕೈಗೆ ಕೊಟ್ಟು, ಮರಳಿ ಹೋಗುವ ಬಸ್ಸು ಬರುವವರೆಗೆ ನನ್ನ ಚಾ ಕುಡಿದು ಹೋದರು. ಅವನನ್ನು ಎಲ್ಲಿ ಹೂಳಿದ್ದು ಎಂದು ತೋರಿಸಬಲ್ಲವರು ಅವರೊಬ್ಬರೇ. ಅವರೂ ಈಗ ಇಲ್ಲ.

ಆಮೇಲಿನದ್ದು ನಿನ್ನ ಬದುಕು. ಮೂಡಬಿದ್ರೆಯಿಂದ ನಿನ್ನನ್ನು ನೋಡಲು ಬಂದವರು ಒಪ್ಪಿದ್ದರು. ಅಪ್ಪ ಇಲ್ಲದ ಮನೆ. ಧಾರೆ ಎರೆದು ಕೊಡಲು ಅಣ್ಣನೇ ಬರಬೇಕು ಎಂದು ಅಮ್ಮ ಹಟ ಹಿಡಿದರು. ಗಂಡಿನ ಕಡೆಯವರು ಕಾದರು. ಕಾದು ಬೇಸತ್ತು, ಒಮ್ಮೆ ಪ್ರಶ್ನೆ ಇಟ್ಟು ನೋಡುವ ಎಂದರು. ನಿಮ್ಮ ಚಾವಡಿಯಲ್ಲೇ ಪ್ರಶ್ನೆ ಹೇಳುವ ಬಲ್ಯಾಯರು ಕವಡೆ ಹಾಕಿದ್ದು. "ಈ ಮನೆಯಲ್ಲಿ ಊಟದ ಎಲೆ ಸಿಗದೆ ನಿಂತಿರುವ ಒಂದು ಗಂಡು ಕುಲೆ ಉಂಟು. ಅದನ್ನು ಹಿರಿಯರ ಜೊತೆ ಸೇರಿಸದೆ ಮದುವೆ ಸಾಗುವುದಿಲ್ಲ" ಎಂದರು. ಸತ್ತವರಿಗೆ ಕುಲೆ ಎನ್ನುವ ಆ ಶಬ್ದ ಕೇಳಿ ಅಮ್ಮ ಕೆಂಡವಾದರು. ಬಲ್ಯಾಯರ ಎದುರೇ ನನ್ನ ಕಡೆ ತಿರುಗಿದರು. "ಸಂಜೀವ, ನೀನು ಕಣ್ಣಾರೆ ನೋಡಿದವ. ನೀನು ಹೇಳಿದ ಹಾಗೆ. ನನ್ನ ಮಗ ಇದ್ದಾನಾ ಇಲ್ಲವಾ?"

ನೀನು ಕಿಟಕಿಯ ಹತ್ತಿರ ನಿಂತಿದ್ದೆ. ನನ್ನ ಬಾಯಿಯನ್ನೇ ನೋಡುತ್ತಿದ್ದೆ. ಹಣೆಗೆ ಸಣ್ಣ ಬೊಟ್ಟು ಇಟ್ಟಿದ್ದೆ.

"ಇದ್ದಾನೆ ಅಮ್ಮ. ಬರ್ತಾನೆ."

ಅಮ್ಮ ಕಣ್ಣೊರಸಿಕೊಂಡರು. ಮೂಡಬಿದ್ರೆಯವರು ಬೇರೆ ಕಡೆ ಸಂಬಂಧ ಮಾಡಿದರು. ಆಮೇಲೆ ಬಂದವರಿಗೂ ಅದೇ ಉತ್ತರ ಸಿಕ್ಕಿತು. ಕ್ರಮೇಣ ಬರುವವರೇ ನಿಂತರು. ಸತ್ತವರಿಗೂ ಮಳೆಗಾಲದ ಆಟಿ ತಿಂಗಳಲ್ಲಿ ಹುಡುಗ ಹುಡುಗಿ ನೋಡಿ ಮದುವೆ ಮಾಡಿಸುವ ಊರು ನಮ್ಮದು. ಬದುಕಿದ್ದ ನಿನಗೆ ಮದುವೆ ಆಗಲಿಲ್ಲ. ಬೀಡಿ ಕಟ್ಟಿ ಕಟ್ಟಿ ನಿನ್ನ ಬೆರಳು ಹಳದಿಯಾಯಿತು, ಕೂದಲು ಬೆಳ್ಳಗಾಯಿತು. ನಾನು ಹಬ್ಬಕ್ಕೆ ಸೀರೆ ತಂದೆ, ಬೆಳ್ತಂಗಡಿಯ ಆಸ್ಪತ್ರೆಗೆ ಅಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋದೆ. ಸ್ವಂತ ಮಗನೂ ಇಷ್ಟು ನೋಡಿಕೊಳ್ಳುವುದಿಲ್ಲ ಎಂದು ಜನ ಹೊಗಳಿದರು. ನಾನು ಆ ಹೊಗಳಿಕೆಯನ್ನೂ ಸುಮ್ಮನೆ ತೆಗೆದುಕೊಂಡೆ.

ನಿಮ್ಮ ಗೇಟು ನಾನೇ ಮಾಡಿದ್ದು. ಕಬ್ಬಿಣ ಆರಿಸಿ, ಉಜ್ಜಿ, ಜೋಡಿಸಿ, ಕೊನೆಗೆ ಚಿಲಕ ಬೆಸೆಯಲು ಹೊರಟಾಗ ಅಮ್ಮ ಬಂದು ತಡೆದರು. "ಚಿಲಕ ಬೇಡ ಮಗ. ಯಾವ ಹೊತ್ತಿಗೆ ಬರ್ತಾನೋ ಏನೋ. ಕರೆಯುವಾಗ ನನಗೆ ಕಿವಿ ಕೇಳದಿದ್ದರೆ?" ನಾನು ಚಿಲಕವನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಮತ್ತೆ ಎಷ್ಟು ವರ್ಷ ಆ ಗೇಟು ದೂಡಿಕೊಂಡು ಒಳಗೆ ಬಂದದ್ದು ನಾನು, ಮತ್ತು ಊರಿನ ದನಗಳು. ಪ್ರತಿ ಸಲ ಅದು ಕಿರ್ರೆಂದಾಗ ಅಮ್ಮ ಜಗಲಿಗೆ ಬರುವರು. "ಓ, ನೀನಾ" ಎನ್ನುವರು. ಆ "ಓ, ನೀನಾ" —

ಇನ್ನೊಂದು ಹೇಳಲಿಕ್ಕುಂಟು. ಆಟಿಯಲ್ಲಿ ನಮ್ಮ ಮನೆಯಲ್ಲೂ ಸತ್ತವರಿಗೆ ಬಡಿಸುವಾಗ ನಾನು ಒಂದು ಎಲೆ ಹೆಚ್ಚು ಹಾಕುತ್ತಿದ್ದೆ. ಯಾರಿಗೆ ಎಂದು ಹೆಂಡತಿ ಕೇಳಿದರೆ, ಯಾರೂ ಇಲ್ಲದವರಿಗೆ ಇರಲಿ ಎನ್ನುತ್ತಿದ್ದೆ. ಕೋಳಿ ಸಾರು, ವಾಸುವಿಗೆ ಇಷ್ಟದ ನೀರುದೋಸೆ ಬಡಿಸಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುತ್ತಿದ್ದೆವು. ಬಾಗಿಲು ತೆಗೆದವನೇ ಮೊದಲು ಆ ಎಲೆಯನ್ನು ನೋಡುತ್ತಿದ್ದೆ. ಆದರೆ ಅವನು ಬಂದಿರಲಾರ. ಸ್ವಂತ ಮನೆಯವರು ಹೆಸರು ಹಿಡಿದು ಕರೆಯದೆ ಕುಲೆ ಎಲೆಗೆ ಕೂರುವುದಿಲ್ಲ. ಮತ್ತೆ — ನನ್ನ ಕೈಯ ನೀರನ್ನು ಅವನು ಯಾಕೆ ನಂಬಬೇಕು?

ಕ್ಷಮಿಸು ಎಂದು ಬರೆಯಲು ಹೋದೆ, ಬರೆಯಲಿಲ್ಲ. ಕ್ಷಮೆ ಸಿಕ್ಕಿದರೆ ನನಗೆ ಹಗುರವಾಗುತ್ತದೆ, ನಿನಗೆ ಏನೂ ಸಿಗುವುದಿಲ್ಲ. ನಿನ್ನ ವಯಸ್ಸು ತಿರುಗಿ ಬರುವುದಿಲ್ಲ. ಅಮ್ಮ ಜಗಲಿಗೆ ಎದ್ದು ಬಂದದ್ದೆಲ್ಲ ಸುಮ್ಮನೆ ಎಂದು ಈಗ ನಿನಗೆ ಗೊತ್ತಾಗುತ್ತದೆ — ಅದನ್ನೂ ನಾನೇ ಕೊಟ್ಟಂತಾಯಿತು.

ಈ ಆಟಿಯಲ್ಲಿ ಅಮ್ಮನಿಗೆ ಮೊದಲ ಸಲ ಎಲೆ ಹಾಕುತ್ತೀ. ಅದಕ್ಕೆ ಮೊದಲು ನಾನು ಬಂದು ಗೇಟಿನ ಹೊರಗೆ ನಿಂತು ಉಡಿದಾರ ಕೊಡುತ್ತೇನೆ. ಒಳಗೆ ಬರುವುದಿಲ್ಲ. ನೀನು ಏನು ಹೇಳಿದರೂ, ಊರನ್ನು ಕರೆದು ಹೇಳಿಸಿದರೂ, ತಲೆ ಎತ್ತದೆ ಕೇಳುತ್ತೇನೆ. ಅಮ್ಮನ ಎಲೆಯ ಪಕ್ಕ ಅವನಿಗೂ ಒಂದು ಎಲೆ ಹಾಕು, ಹೆಸರು ಹಿಡಿದು ಕರೆ. ಅನ್ನ, ಸಾರು ಎಲ್ಲ ಆಮೇಲೆ ಬಡಿಸು ಸುಗುಣ. ಮೊದಲು ನೀರು ಇಡು.