ಖೋವಾದ ಮೂರು ಬೆರಳು

ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಸಿಪ್ಪೆ ಸುಲಿಯುವಾಗ ಒಂದು ವಾಸನೆ ಬರುತ್ತದೆ. ಹಸಿ ಕಟ್ಟಿಗೆಯದೂ ಅಲ್ಲ, ಹಾಲಿನದೂ ಅಲ್ಲ, ಎರಡರ ನಡುವಿನ ಒಂದು ತಣ್ಣನೆಯ ವಾಸನೆ. ಹೋದ ತಿಂಗಳು ಕೊಪ್ಪಳದ ನಮ್ಮ ಓಣಿಯಲ್ಲಿ ಎದುರು ಮನೆಯ ಹುಡುಗನ ಹುಟ್ಟುಹಬ್ಬಕ್ಕೆ ಕೈಜೋಡಿಸಲು ಹೋದಾಗ ಅಡುಗೆಮನೆಯ ಬಾಗಿಲಲ್ಲೇ ಆ ವಾಸನೆ ನನ್ನನ್ನು ತಡೆದು ನಿಲ್ಲಿಸಿತು. ಆ ಮನೆಯ ಸೊಸೆ ಫೋನು ನೋಡಿಕೊಂಡು ಮಕ್ಕಳನ್ನು ಹೆದರಿಸುವ ಸಿಹಿತಿಂಡಿ ಮಾಡುತ್ತಿದ್ದಳು. ಬಿಳಿ ಚಾಕಲೇಟಿನ ದೆವ್ವಗಳು, ಕ್ರೀಮಿನ ಕಣ್ಣುಗುಡ್ಡೆಗಳು, ಆಮೇಲೆ ಒಂದು ತಟ್ಟೆಯ ತುಂಬ ಬಿಸ್ಕತ್ತಿನ ಬೆರಳುಗಳು. "ಅಕ್ಕಾರ, ತುದಿಗೆ ಒಂದೊಂದು ಬಾದಾಮಿ ಉಗುರು ಕೂಡಿಸಿ ಕೊಡ್ರಿ," ಅಂದಳು. ಎರಡು ಕೂಡಿಸಿದೆ. ಮೂರನೆಯದಕ್ಕೆ ಕೈ ಏಳಲಿಲ್ಲ. ತಲೆನೋವು ಅಂತ ಸುಳ್ಳು ಹೇಳಿ ಮನೆಗೆ ಬಂದುಬಿಟ್ಟೆ. ಈಗಿನವರ ಹುಚ್ಚಾಟ ನನಗೆ ಹಿಡಿಸಲಿಲ್ಲ ಅಂತ ಅವಳು ತಿಳಿದಿರಬೇಕು. ಅಂಥ ಬೆರಳುಗಳನ್ನು ನಾನು ಮೂವತ್ತು ವರ್ಷದ ಹಿಂದೆಯೇ ಗಂಗಾವತಿಯಲ್ಲಿ ಮಾಡಿದ್ದೆ ಅಂತ ಅವಳಿಗೆ ಹೇಗೆ ಹೇಳಲಿ?

ಆಗ ನಾವು ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿದ್ದೆವು. ಅಪ್ಪ ಆ ಗಿರಣಿಯಲ್ಲಿ ಯಂತ್ರಗಳ ಮಿಸ್ತ್ರಿ. ಮನೆಯ ಮೇಲೆ, ಗಿಡದ ಎಲೆಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ವರ್ಷವಿಡೀ ತೌಡಿನ ತೆಳುಪುಡಿ ಕೂತಿರುತ್ತಿತ್ತು. ಸಂಜೆಯಾದರೆ ಬೇಯಿಸಿದ ಭತ್ತದ ವಾಸನೆ ಕಿಟಕಿಯಿಂದ ಒಳಗೆ ಬಂದು ನಮ್ಮ ಜೊತೆಗೇ ಊಟಕ್ಕೆ ಕೂರುತ್ತಿತ್ತು. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಕಡಪಾ ಕಲ್ಲು ಹಾಸಿದ ಅಡುಗೆಮನೆ. ಅಪ್ಪ, ಅವ್ವ, ನಾನು, ಅಪ್ಪನ ತಂಗಿ ಗಿರಿಜತ್ತಿ. ನಿಮಗೂ ಅಂಥ ಒಂದು ಮನೆ ಇದ್ದಿರಬಹುದು. ಎಲ್ಲರೂ ಪಡಸಾಲೆಯಲ್ಲಿ ಕೂತರೂ ಮನೆಯ ಜೀವ ಮಾತ್ರ ಅಡುಗೆಮನೆಯಲ್ಲಿ ಒಬ್ಬಳೇ ಓಡಾಡಿಕೊಂಡಿರುವಂಥ ಮನೆ. ನಮ್ಮ ಮನೆಯಲ್ಲಿ ಆ ಜೀವ ಗಿರಿಜತ್ತಿ.

ಅವಳ ಎಡಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. ನಡುಬೆರಳು ಅರ್ಧಕ್ಕೇ ನಿಂತಿತ್ತು. ಹನ್ನೆರಡು ವರ್ಷದವಳಿದ್ದಾಗ ಕುಷ್ಟಗಿಯಲ್ಲಿ ಜೋಳ ಬೀಸಿಸಲು ಹಿಟ್ಟಿನ ಗಿರಣಿಗೆ ಹೋದಾಗ ಕೈ ಬೆಲ್ಟಿಗೆ ಸಿಕ್ಕಿತ್ತಂತೆ. ಹೊರಗೆ ಹೊರಟಳೆಂದರೆ ಆ ಕೈ ಸೆರಗಿನೊಳಗೆ ಹೋಗುತ್ತಿತ್ತು. ಬಸ್ಸಿನಲ್ಲಿ, ಮದುವೆಯ ಮನೆಯಲ್ಲಿ, ಬಾಗಿಲಿಗೆ ಬಂದ ಬಳೆಗಾರ್ತಿಯ ಮುಂದೆ ಕೂಡ ಅದು ಸೆರಗು ಬಿಟ್ಟು ಹೊರಬಂದದ್ದನ್ನು ನಾನು ಕಂಡಿಲ್ಲ. ಅಡುಗೆಮನೆಯಲ್ಲಿ ಮಾತ್ರ ಅದಕ್ಕೆ ಸ್ವಾತಂತ್ರ್ಯ. ಅಲ್ಲಿ ಅದು ಹಿಟ್ಟು ನಾದುತ್ತಿತ್ತು, ಉಂಡಿ ಕಟ್ಟುತ್ತಿತ್ತು, ನನ್ನ ಗಲ್ಲ ಹಿಂಡುತ್ತಿತ್ತು. ಅದೇ ಕೈಯಿಂದಲೇ ಅವಳು ನನ್ನ ಹುಟ್ಟುಹಬ್ಬಗಳಿಗೆ ಯಾರೂ ಕಂಡು ಕೇಳದ ತಿಂಡಿಗಳನ್ನು ಮಾಡುತ್ತಿದ್ದಳು.

ಬೇಕರಿಯ ಕೇಕು ಆಗಷ್ಟೇ ನಮ್ಮ ಓಣಿಗೆ ಕಾಲಿಟ್ಟಿತ್ತು. ನಮಗೆ ಅದರ ಚಿಂತೆ ಇರಲಿಲ್ಲ. ಗಿರಿಜತ್ತಿ ಚುರುಮರಿಯನ್ನು ಬೆಲ್ಲದ ಪಾಕದಲ್ಲಿ ಕಲಸಿ ತೆಂಗಿನಕಾಯಿಯಷ್ಟು ದೊಡ್ಡ ಉಂಡಿ ಕಟ್ಟಿ, ಅದಕ್ಕೆ ಹುರಿದ ಶ್ಯಾವಿಗೆಯ ಕೂದಲು, ಕುಂಬಳಬೀಜದ ಹಲ್ಲು ಇಟ್ಟು ದೆವ್ವದ ತಲೆ ಮಾಡುತ್ತಿದ್ದಳು. ನೆನೆಸಿದ ಉತ್ತತ್ತಿಯ ಬಾಲಕ್ಕೆ ಲವಂಗದ ಕೊಂಡಿ ಚುಚ್ಚಿದರೆ ಅದು ಚೇಳು. ಕಡಲೆಹಿಟ್ಟಿನ ಹಲ್ಲಿಗಳು ಸ್ಟೀಲಿನ ಡಬ್ಬಿಗೆ ಅಂಟಿಕೊಂಡು ಕೂತಿರುತ್ತಿದ್ದವು. ಖೋವಾದ ಕಣ್ಣುಗುಡ್ಡೆಗಳಂತೂ ಹಾಗೇ ನಮ್ಮನ್ನೇ ನೋಡುತ್ತಿದ್ದವು. ಉಂಡಿಯಲ್ಲಿ ಕಣ್ಣಿನ ಗುಳಿ ಒತ್ತಲು ಅವಳ ಅರ್ಧ ಬೆರಳು ಹೇಳಿ ಮಾಡಿಸಿದಂತಿತ್ತು. ನಾನು ನನ್ನ ಬೆರಳಿನಿಂದ ಒತ್ತಿದರೆ ಉಂಡಿ ಒಡೆಯುತ್ತಿತ್ತು. "ನಿನ್ನ ಬಟ್ಟು ಭಾಳ ಉದ್ದ ಅದಾವವಾ, ಇದಕ್ಕ ಬರೂದಿಲ್ಲ," ಅಂತ ಅವಳು ನಗುತ್ತಿದ್ದಳು. ನನ್ನ ಬೆರಳು ಉದ್ದವಿರುವುದೇ ಒಂದು ಕುಂದು ಎಂದು ನಾನು ಆಗ ನಂಬಿದ್ದೆ.

ಮಾಡುವುದಕ್ಕಿಂತ ಹೆಚ್ಚಾಗಿ ಅವಳು ಅವನ್ನು ಬಡಿಸುವ ರೀತಿ ಚಂದ. ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂತ ಮೇಲೆ, ಒಳಬಾಗಿಲ ಮರೆಯಿಂದ ಅವಳ ದನಿ ಬರುತ್ತಿತ್ತು: "ನಿನ್ನೆ ಹುಣಸಿಗಿಡದ ದೆವ್ವ ತನ್ನ ತಲಿ ಬಿಚ್ಚಿಟ್ಟು ನೀರಿಗೆ ಹೋಗಿತ್ತು. ನಾ ಎತಗೊಂಡು ಬಂದೀನಿ. ಲಗೂನ ತಿನ್ರಿ, ಹುಡುಕ್ಕೋಂತ ಬರ್ತೈತಿ!" ಹುಡುಗರು ಕಿರುಚಿ ಒಬ್ಬರ ಮೇಲೊಬ್ಬರು ಬೀಳುವರು, ಆಮೇಲೆ ದೆವ್ವದ ತಲೆ ಎರಡು ನಿಮಿಷದಲ್ಲಿ ಮಾಯ. ಅವಳು ಬಾಗಿಲ ಮರೆಯಲ್ಲೇ ನಿಂತು ಅದನ್ನೆಲ್ಲ ನೋಡುತ್ತಿದ್ದಳು. ತಟ್ಟೆ ಹೊತ್ತು ತಂದು ಇಡುವುದು ನನ್ನ ಕೆಲಸ.

ನನಗೆ ಹತ್ತು ತುಂಬುವ ವರ್ಷ ಮನೆಯಲ್ಲಿ ಪಿಸುಮಾತು ಶುರುವಾಯಿತು. ಯಲಬುರ್ಗಾ ಕಡೆಯ ಒಬ್ಬ ಮಾಸ್ತರರು, ಹೆಂಡತಿ ತೀರಿಕೊಂಡವರು, ಮಕ್ಕಳಿಲ್ಲ. ಅವರಿಗೆ ಗಿರಿಜತ್ತಿಯನ್ನು ಕೇಳಿದ್ದರು. ಅವಳಿಗೆ ಆಗ ಮೂವತ್ತೆರಡು. ಹಿಂದೆ ಬಂದ ಮೂರ್ನಾಲ್ಕು ಮಾತುಕತೆಗಳು ಕೈ ನೋಡಿದ ಮೇಲೆ ಅಲ್ಲಿಗೇ ನಿಂತಿದ್ದವು. ಈ ಸಲ ಓಣಿಯವರಿಗೆ ಗೊತ್ತಾಗದಿರಲಿ ಎಂದು ಅಪ್ಪ ಅವರನ್ನು ನನ್ನ ಹುಟ್ಟುಹಬ್ಬದ ನೆಪದಲ್ಲೇ ಕರೆದಿದ್ದ. ಬಾಗಿಲ ಹಿಂದೆ ನಿಂತು ಇದನ್ನೆಲ್ಲ ನಾನು ಕೇಳಿಸಿಕೊಂಡೆ. ಅವ್ವ "ಒಪ್ಪಿದ್ರಂದ್ರ ಈ ಉಗಾದಿಗೇ ಮಾಡಿ ಕಳಿಸೂಣು" ಅಂದದ್ದೂ ಕೇಳಿತು. ಕಳಿಸೂದು ಅಂದರೆ ಏನೆಂದು ನನಗೆ ಗೊತ್ತಿತ್ತು.

ಆ ದಿನ ಬೆಳಗಿನಿಂದ ಗಿರಿಜತ್ತಿ ನನ್ನವಳಾಗಿರಲಿಲ್ಲ. ಖೋವಾ ಕಾಸಿದಳು, ಉಂಡಿ ಕಟ್ಟಿದಳು, ಆದರೆ ಮನಸ್ಸು ಇನ್ನೆಲ್ಲೋ ಇತ್ತು. ದೆವ್ವಕ್ಕೆ ಹಲ್ಲು ಇಡುವುದನ್ನೇ ಮರೆತಳು. ನಾನು ನೆನಪಿಸಿದರೆ, "ನೀನ ಇಡವಾ, ನಾ ತಲಿ ಹೆರಳು ಹಾಕ್ಕೋಬೇಕು," ಅಂದಳು. ತುಟಿಯಲ್ಲಿ ಒಂದು ನಗು ಇತ್ತು. ಅಂಥ ನಗುವನ್ನು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ. ನಾನು ಎದುರಿಗೇ ಇದ್ದರೂ ಅದು ನನಗಾಗಿ ಇರಲಿಲ್ಲ. ಅವಳು ನೀಲಿ ಇಳಕಲ್ ಸೀರೆ ತೆಗೆದುಕೊಂಡು ಕೋಣೆಗೆ ಹೋದಳು. ಅಡುಗೆಮನೆಯಲ್ಲಿ ನಾನೊಬ್ಬಳೇ. ಮುಂದೆ ಬೋಗುಣಿಯಲ್ಲಿ ಉಳಿದ ಖೋವಾ, ಬಟ್ಟಲಲ್ಲಿ ಸುಲಿದ ಬಾದಾಮಿ, ಹೆರೆದ ಗಜ್ಜರಿಯ ಪಕ್ಕ ಬೀಟ್‌ರೂಟಿನ ಒಂದು ಹೋಳು.

ಹುಡುಗಿ, ತಿಳಿವಳಿಕೆಯಿಲ್ಲ, ಏನೋ ಮಾಡಿದಳು ಅಂತ ಆಮೇಲೆ ಎಲ್ಲರೂ ಅಂದರು. ಆ ಮಾತಿನ ಕೆಳಗೆ ನಾನು ಬಹಳ ವರ್ಷ ಅಡಗಿ ಕೂತಿದ್ದೆ. ಇವತ್ತು ನಿಮ್ಮ ಮುಂದೆ ಅದನ್ನು ಹೇಳಲಾರೆ. ನಾನು ಎರಡು ಬೆರಳು ಇಡಿಯಾಗಿ ಮಾಡಿದೆ, ಒಂದನ್ನು ಅರ್ಧ ಮಾಡಿದೆ. ತುದಿಗೆ ಬಾದಾಮಿಯ ಉಗುರು ಕೂಡಿಸಿದೆ. ಬುಡಕ್ಕೆ ಬೀಟ್‌ರೂಟಿನ ರಸ ಹಚ್ಚಿದೆ. ಗೆಣ್ಣುಗಳ ಗೆರೆಯನ್ನು ಚಾಕುವಿನಿಂದ ಎಳೆದೆ. ಅಷ್ಟು ನಾಜೂಕಾಗಿ ಅದಕ್ಕೆ ಮುಂಚೆ ನಾನು ಏನನ್ನೂ ಮಾಡಿರಲಿಲ್ಲ. ಮಾಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತಿಳಿವಳಿಕೆಯಿಲ್ಲದವರ ಎದೆ ಹಾಗೆ ಹೊಡೆದುಕೊಳ್ಳುವುದಿಲ್ಲ.

ಸಂಜೆ ಬಂದವರು ಮಾಸ್ತರರು ಮತ್ತು ಅವರ ಅಕ್ಕ. ಮಾಸ್ತರರು ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನನ್ನು ಹತ್ತಿರ ಕರೆದು ಒಂದು ಪೆನ್ನು ಕೊಟ್ಟು, "ಎಷ್ಟನೇ ಕ್ಲಾಸಿನ್ಯಾಗ ಅದೀವಾ?" ಅಂತ ಕೇಳಿದರು. ಒಳ್ಳೆಯವರೆಂದು ಆಗಲೇ ತಿಳಿಯಿತು. ಅದರಿಂದ ನನಗೆ ಇನ್ನೂ ಸಿಟ್ಟು ಬಂತು. ಗಿರಿಜತ್ತಿ ಚಹಾ ತಂದು ಕೊಟ್ಟು, ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವ್ವನ ಪಕ್ಕ ಗೋಡೆಗೆ ಒರಗಿ ನಿಂತಳು. ಅಪ್ಪ ಮಧ್ಯಸ್ಥರ ಮುಖಾಂತರ ಕೈಯ ವಿಷಯವನ್ನು ಮೊದಲೇ ಹೇಳಿಸಿದ್ದ. ಅವರು "ಅದೇನ ದೊಡ್ಡ ಮಾತಲ್ಲ" ಅಂದಿದ್ದರು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ನಿಲ್ಲುತ್ತಿದ್ದೆನೋ ಇಲ್ಲವೋ.

ದೆವ್ವ, ಚೇಳು, ಹಲ್ಲಿ ಎಲ್ಲ ಖಾಲಿಯಾದವು. ಹುಡುಗರು ಇನ್ನೂ ಬೇಕು ಅಂತ ಗಲಾಟೆ ಮಾಡುತ್ತಿದ್ದರು. ಆಗ ನಾನು ಒಳಗಿನಿಂದ ಸಣ್ಣ ತಟ್ಟೆ ತಂದೆ. ಬಾಗಿಲಲ್ಲಿ ನಿಂತು ಗಿರಿಜತ್ತಿಯದೇ ದನಿ ತೆಗೆದು ಕೂಗಿದೆ: "ಕುಷ್ಟಗಿ ಗಿರಣ್ಯಾಗ ಸಿಕ್ಕಾವು ನೋಡ್ರಿ! ನಮ್ಮ ಅತ್ತಿ ಬಟ್ಟು! ಬೇಕಂದ್ರ ಲೆಕ್ಕಾ ಕೂಡ್ತೈತೇನ ನೋಡ್ರಿ!"

ಮೊದಲು ಹುಡುಗರು ನಕ್ಕರು. ಅವರ ನಗುವಿಗೆ ಹೊರಬಾಗಿಲಲ್ಲಿ ನಿಂತಿದ್ದ ಓಣಿಯ ಹೆಂಗಸರು ನಕ್ಕರು. ಮಾಸ್ತರರ ಅಕ್ಕ ಬಾಯಿಗೆ ಸೆರಗು ಹಿಡಿದಳು. ಮಾಸ್ತರರೂ ನಕ್ಕರು. ಜೋರಾಗಿ ಅಲ್ಲ; ಎಲ್ಲರೂ ನಗುವಾಗ ಬಾಯಿ ತಾನಾಗಿ ಅಗಲವಾಗುತ್ತದಲ್ಲ, ಅಷ್ಟೇ. ಕೂಡಲೇ ತಲೆ ತಗ್ಗಿಸಿದರು. ಆದರೆ ಗಿರಿಜತ್ತಿ ನೋಡಿಬಿಟ್ಟಿದ್ದಳು. ಅಪ್ಪ ಎದ್ದು ನಿಂತ. ಅವ್ವ, "ಹುಡುಗಾಟ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ," ಅಂತ ಯಾರಿಗೋ ಹೇಳುತ್ತಿದ್ದಳು.

ಗಿರಿಜತ್ತಿ ಗೋಡೆ ಬಿಟ್ಟು ಮುಂದೆ ಬಂದಳು. ಸೆರಗಿನಿಂದ ಎಡಗೈ ತೆಗೆದಳು. ಅಷ್ಟು ಜನರ ಮುಂದೆ, ಆ ಕೈಯಿಂದಲೇ, ತಟ್ಟೆಯಲ್ಲಿದ್ದ ಅರ್ಧ ಬೆರಳನ್ನು ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಸಕ್ಕರಿ ಹೆಚ್ಚಾಗೇತವಾ," ಅಂದಳು. ಆಮೇಲೆ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ನಾಲ್ಕು ದಿನ ಬಿಟ್ಟು ಯಲಬುರ್ಗಾದಿಂದ ಒಪ್ಪಿಗೆಯ ಸುದ್ದಿ ಬಂತು. ಮಾಸ್ತರರು ಕ್ಷಮೆಯನ್ನೂ ಹೇಳಿ ಕಳಿಸಿದ್ದರು. ಗಿರಿಜತ್ತಿ ಒಲ್ಲೆ ಅಂದಳು. ಅಪ್ಪ ಬೇಡಿಕೊಂಡ, ರೇಗಿದ, ಒಂದು ದಿನ ಊಟ ಬಿಟ್ಟ. "ಅವರದೇನೂ ತಪ್ಪಿಲ್ಲಣ್ಣ. ಎಲ್ಲಾರೂ ನಕ್ಕರು, ಅವರೂ ನಕ್ಕರು," ಅಂದಳು ಅವಳು. "ಆದ್ರ ಆ ನಕ್ಕ ಮಾರಿ ಮುಂದ ದಿನಾ ರೊಟ್ಟಿ ಬಡೀಲಿಕ್ಕೆ ನನ್ನ ಕಡಿಂದ ಆಗೂದಿಲ್ಲ." ಆ ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ.

ನನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಗಿರಿಜತ್ತಿ ಎಂದಿನಂತೆ ನನ್ನ ತಲೆ ಬಾಚಿದಳು, ಶಾಲೆಗೆ ಬುತ್ತಿ ಕಟ್ಟಿದಳು. ಹಬ್ಬಕ್ಕೆ ಹೋಳಿಗೆ, ಪಂಚಮಿಗೆ ಉಂಡಿ ಎಲ್ಲ ಆಗುತ್ತಿದ್ದವು. ಉಂಡಿಗಳು ಬರೀ ಉಂಡಿಗಳಾಗಿದ್ದವು. ನನ್ನ ಮುಂದಿನ ಹುಟ್ಟುಹಬ್ಬಕ್ಕೆ ಅಪ್ಪ ಬೇಕರಿಯಿಂದ ಕೇಕು ತಂದ. ಓಣಿಯ ಹುಡುಗರು, "ದೆವ್ವ ಎಲ್ಲೈತ್ರಿ?" ಅಂತ ಅಡುಗೆಮನೆಗೆ ಇಣುಕಿದರು. "ಊರ ಬಿಟ್ಟು ಹೋತಪಾ," ಅಂದಳು ಗಿರಿಜತ್ತಿ. ಅಡುಗೆಮನೆಯಲ್ಲೂ ಅವಳ ಎಡಗೈ ಸೆರಗಿನಲ್ಲಿತ್ತು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಅವಳು ಒಲ್ಲೆ ಅಂದ ದಿನ ನನಗೆ ಸಂತೋಷವಾಗಿತ್ತು. ಅವಳ ಪಕ್ಕ ಮಲಗಿ, ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇನ್ನು ಇವಳು ಎಲ್ಲೂ ಹೋಗುವುದಿಲ್ಲ ಎಂದು ಸುಖವಾಗಿ ನಿದ್ದೆ ಮಾಡಿದೆ. ನಾಚಿಕೆ ಬಂದದ್ದು ಬಹಳ ತಡವಾಗಿ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಗಿರಿಜತ್ತಿ ನನಗೆ ಹೂ ಮುಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ಪಡಸಾಲೆಯಲ್ಲಿ ಮಾತು ಕೇಳಿಸಿದ ಕೂಡಲೇ ತಾನು ಹಿತ್ತಲಿಗೆ ಹೋಗಿ ಅವರು ಏಳುವವರೆಗೂ ಪಾತ್ರೆ ತಿಕ್ಕುತ್ತ ಕೂತಳು. ಅಂದು ಬಂದ ನಾಚಿಕೆ ಇನ್ನೂ ಹೋಗಿಲ್ಲ.

ಈಗ ಆ ಮನೆ ಇಲ್ಲ. ಆ ಜಾಗದಲ್ಲಿ ಗೊಬ್ಬರದ ಗೋದಾಮು ಬಂದಿದೆ. ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ಗಿರಿಜತ್ತಿ ಕೊನೆಯ ಆರು ವರ್ಷ ಕೊಪ್ಪಳದಲ್ಲಿ ನನ್ನ ಮನೆಯಲ್ಲೇ ಇದ್ದಳು. ಅವಳು ತೀರಿಕೊಂಡು ಮೂರು ವರ್ಷವಾಯಿತು.

ಹೋಗುವ ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೂ ಮಾಳಿಗೆಯ ಮೇಲೆ ನೆರಳಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ಎಷ್ಟೋ ಸಲ ಬಾಯಿಗೆ ಬಂದು ಹಿಂದಕ್ಕೆ ಹೋದದ್ದು ಅವತ್ತು ಹೊರಗೆ ಬಂತು. "ಅತ್ತಿ, ಆವತ್ತ ನಾ ಹುಡುಗಾಟಕ್ಕ ಮಾಡಿದ್ದಲ್ಲ. ನೀ ಹೋಗಬಾರದು ಅಂತ ಬೇಕಂತನ ಮಾಡಿದ್ದೆ."

ಅವಳು ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ," ಅಂದಳು.

"ಯಾವಾಗಿಂದ?"

"ಆವತ್ತಿಂದನ. ತಾಟು ಹಿಡಕೊಂಡು ನಿಂತಾಗ ನಿನ್ನ ಮಾರಿ ನೋಡಿದ್ನಲ್ಲ." ಇನ್ನೊಂದಿಷ್ಟು ಮೆಣಸಿನಕಾಯಿ ಮುಂದಕ್ಕೆ ಎಳೆದುಕೊಂಡಳು. "ಹೋಗಬ್ಯಾಡ ಅತ್ತಿ ಅಂತ ಬಾಯಿಲೆ ಅಂದಿದ್ರ ಆಗ್ತಿತ್ತಲ್ಲವಾ."

"ಅಂದಿದ್ರ ನೀ ಹೋಗ್ತಿದ್ದಿಲ್ಲೇನು?"

ಅವಳು ಇನ್ನೊಂದು ತೊಟ್ಟು ಮುರಿದಳು. ಸುಳ್ಳು ಹೇಳಬಹುದಿತ್ತು. ನನಗೆ ಅದೇ ಬೇಕಾಗಿತ್ತು. "ಹೋಗ್ತಿದ್ದೆ," ಅಂದಳು. "ನಿನ್ನ ತೆಕ್ಕಿಬಡಕೊಂಡು ಅತ್ತು, ಹೋಗ್ತಿದ್ದೆ."

ನಾನು ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದೆ. ಅವಳು ಥಟ್ಟನೆ ನನ್ನ ಮುಂಗೈ ಹಿಡಿದಳು. "ಏ, ಮೆಣಸಿನಕಾಯಿ ಕೈ ಅದು! ಕಣ್ಣಿಗೆ ಹಚ್ಚಿಕೊಂಡೀ. ಮದ್ಲ ತೊಳಕೊಂಡು ಬಾ ಹೋಗು."

ನಾನು ಕೆಳಗಿಳಿದು ಬಚ್ಚಲಿಗೆ ಹೋಗಿ ನಳ ತಿರುಗಿಸಿದೆ. ಎಷ್ಟು ತೊಳೆದರೂ ಅಂಗೈ ಉರಿಯುತ್ತಲೇ ಇತ್ತು. ಮತ್ತೆ ಮೇಲೆ ಹೋಗಲು ಮನಸ್ಸಾಗಲಿಲ್ಲ. ಮಾಳಿಗೆಯಲ್ಲಿ ಅವಳು ಒಬ್ಬಳೇ ತೊಟ್ಟು ಮುರಿಯುವ ಸದ್ದು, ನಿಂತು ನಿಂತು, ಸಂಜೆಯವರೆಗೂ ಕೇಳುತ್ತಿತ್ತು.