ಚುಕ್ಕೆ ಜೋಳ ಮತ್ತು ನನ್ನ ಜಿಗುಟು

ಸುಟ್ಟ ಜೋಳವನ್ನು ನಿಂತು ತಿನ್ನುವಾಗ ಮನುಷ್ಯರ ಮುಖದಲ್ಲಿ ಯಾವ ಪದವಿಯ ಗಾಂಭೀರ್ಯವೂ ಉಳಿಯುವುದಿಲ್ಲವೆಂಬುದನ್ನು ನೀವೂ ಗಮನಿಸಿರುತ್ತೀರಿ. ತೊಂಬತ್ತರ ದಶಕದ ಕೊನೆಯ ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದ ಬಳಿ, ಸಸ್ಯಶಾಸ್ತ್ರದ ಅಧ್ಯಾಪಕಿಯೆಂಬ ನನ್ನ ಬಿರುದನ್ನು ಮರೆತು, ತುಟಿಗೆಲ್ಲ ಮಸಿ ಮೆತ್ತಿಕೊಂಡು ನಿಂತಿದ್ದಾಗ, ಗಾಡಿಯ ಹೆಂಗಸು ಸುಡಲೆಂದು ಸುಲಿದ ಒಂದು ತೆನೆಯನ್ನು ಪಕ್ಕಕ್ಕೆಸೆದಳು. ಬಿಳಿಯ ಕಾಳುಗಳ ಮೇಲೆ ಯಾರೋ ಪೆನ್ನು ಕೊಡವಿದಂತೆ ನೇರಳೆ ಚುಕ್ಕೆಗಳು.

“ಅದು ಬೇಡ ಮೇಡಂ, ಬಲ್ತೋಗೈತೆ. ಚುಕ್ಕೆ ಬೇರೆ,” ಎಂದಳು. ನಾನು ಅದನ್ನೇ ಕೇಳಿ ಪಡೆದು ಚೀಲಕ್ಕೆ ಹಾಕಿಕೊಂಡೆ.

ಕಾರಣವಿತ್ತು. ಅಂದು ಬೆಳಿಗ್ಗೆ ತರಗತಿಯಲ್ಲಿ ನನ್ನ ಮಾನ ಹೋಗಿತ್ತು. ಡಿಎನ್‌ಎಯೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ತುಣುಕುಗಳಿವೆ, ಮುಸುಕಿನ ಜೋಳದಲ್ಲಂತೂ ಅವುಗಳದ್ದೇ ಬಹುಪಾಲು ಎಂದು ಪಾಠ ಮಾಡಿ, ಹಳೆಯ ಪುಸ್ತಕವನ್ನು ನಂಬಿ “ಇವು ಹೆಚ್ಚುಕಡಿಮೆ ಕಸ” ಎಂದು ಮುಗಿಸಿದ್ದೆ. ಸಿದ್ದಾಪುರದಿಂದ ಬರುತ್ತಿದ್ದ ಶಾಹೀನ್ ಎಂಬ ವಿದ್ಯಾರ್ಥಿನಿ ಎದ್ದು, “ಕಸ ಆದ್ರೆ ಇಷ್ಟು ಕಾಲದಿಂದ ಗಿಡ ಯಾಕೆ ಇಟ್ಕೊಂಡಿದೆ ಮೇಡಂ?” ಎಂದಳು. ಗಂಟೆ ಹೊಡೆಯಿತೆಂದು ಹೇಳಿ ಪಾರಾದೆ. ಗಂಟೆ ಇನ್ನೂ ಹೊಡೆದಿರಲಿಲ್ಲ.

ಬಣ್ಣ ತರುವ ಜೀನಿನ ನಡುವೆ ಇಂಥ ತುಣುಕು ಬಂದು ಕೂತರೆ ಕಾಳು ಬಿಳಿಯಾಗುತ್ತದೆ. ಕಾಳು ಬೆಳೆಯುತ್ತಿರುವಾಗ ಒಂದು ಕೋಶದಿಂದ ಅದು ಎದ್ದುಹೋದರೆ, ಆ ಕೋಶದ ಸಂತತಿಗೆಲ್ಲ ಬಣ್ಣ ಮರಳಿ ಚುಕ್ಕೆಯಾಗುತ್ತದೆ. ಆದರೆ ಚುಕ್ಕೆಯ ಕಥೆ ಆ ಕಾಳಿನೊಂದಿಗೇ ಮುಗಿಯುತ್ತದೆ. ಜಿಗಿತ ಪೀಳಿಗೆಯಿಂದ ಪೀಳಿಗೆಗೆ ದಾಟಿ ವಂಶವನ್ನೇ ತಿದ್ದುತ್ತದೆಂದು ತೋರಿಸಬೇಕಾದರೆ, ಪರಾಗದಲ್ಲೋ ಅಂಡದಲ್ಲೋ ಅದು ನಡೆದು, ಇಡಿಯಾಗಿ ನೇರಳೆಯಾದ ಕಾಳೊಂದು ಸಿಗಬೇಕು. ಅದನ್ನು ಬೆಳೆದು ಶಾಹೀನಳ ಕೈಗಿಡುತ್ತೇನೆಂದು ನಿಶ್ಚಯಿಸಿದೆ. ನಮ್ಮ ವಿಭಾಗದ ಮುಖ್ಯಸ್ಥರು, “ಕಸದ ಹಿಂದೆ ಯಾಕ್ರೀ ಹೋಗ್ತೀರಾ? ಸಿಲಬಸ್ ಮುಗಿಸಿ ಸಾಕು,” ಎಂದರು. ಜಿಗಿಯುವ ಜೀನನ್ನು ಹಿಡಿಯಲು ಬೇಕಾದದ್ದು ಜಿಗುಟು. ಅದೊಂದು ನನ್ನಲ್ಲಿ ಜಾಣ್ಮೆಗಿಂತ ಧಾರಾಳವಾಗಿದೆ.

ಆಗ ನಾನು ಬಿಟಿಎಂ ಬಡಾವಣೆಯಲ್ಲಿ ಲಕ್ಷ್ಮಮ್ಮ ಮತ್ತು ಮುನಿಯಪ್ಪ ಎಂಬ ದಂಪತಿಗಳ ಮಹಡಿಯಲ್ಲಿ ಬಾಡಿಗೆಗಿದ್ದೆ. ಬಡಾವಣೆ ಏಳುವ ಮುನ್ನ ಅದೇ ನೆಲದಲ್ಲಿ ರಾಗಿ ಬೆಳೆದವರು ಅವರು. ಉಳಿದಿದ್ದದ್ದು ಮನೆಯ ಹಿಂದಿನ ಖಾಲಿ ಸೈಟೊಂದೇ.

“ಅಮ್ಮಾರ, ಅಲ್ಲಿ ನಾಕು ಸಾಲು ಜ್ವಾಳ ಹಾಕ್ಲೇನ್ರಿ?” ಎಂದು ನನ್ನ ಧಾರವಾಡದ ಕನ್ನಡದಲ್ಲಿ ಕೇಳಿದೆ.

ಲಕ್ಷ್ಮಮ್ಮ ತೆನೆಯನ್ನು ತಿರುಗಿಸಿ ನೋಡಿದರು. “ಈ ಚುಕ್ಕೇದಾ? ನಮ್ಮಪ್ಪ ಇಂಥವನ್ನ ಬಿತ್ತನೆಗೆ ಇಡ್ತಾನೇ ಇರ್ಲಿಲ್ಲ. ಹಾಕ್ಕೊ ತಾಯಿ, ನೆಲ ಸುಮ್ನೆ ಬಿದ್ದೈತೆ.”

ಅರ್ಧ ತೆನೆಯ ಕಾಳು ಬಿತ್ತಿದೆ. ಮೊಣಕಾಲೆತ್ತರ ಬೆಳೆದಾಗ ಬೀದಿಯ ಹಸುವೊಂದು ನುಗ್ಗಿ ನನ್ನ ಸಂಶೋಧನೆಯನ್ನು ಸಮಗ್ರವಾಗಿ ಜೀರ್ಣಿಸಿಕೊಂಡಿತು. ಉಳಿದರ್ಧವನ್ನು ಮುಂದಿನ ಮುಂಗಾರಿಗೆ ಬಿತ್ತಿ, ಈ ಸಲ ಮುಳ್ಳುತಂತಿ ಕಟ್ಟಿದೆ. ಹೂವಾದಾಗ ಬೇರೆ ಗಿಡದ ಪರಾಗ ಬೀಳದಂತೆ ಪ್ರತಿ ಗಿಡದ ತುದಿಗೂ ತೆನೆಗೂ ಕಿರಾಣಿ ಅಂಗಡಿಯ ಕಂದು ಕವರು ತೊಡಿಸಿ, ಅದರದೇ ಪರಾಗವನ್ನು ಅದರದೇ ತೆನೆಗೆ ಉದುರಿಸಿದೆವು. ‘ಉದುರಿಸಿದೆವು’ ಎಂದದ್ದು ಸುಳ್ಳಲ್ಲ. ಹೆಚ್ಚಿನ ಕೆಲಸ ಲಕ್ಷ್ಮಮ್ಮನವರದೇ.

ತೆನೆಗಳಲ್ಲಿ ಹಾಲು ತುಂಬುತ್ತಿದ್ದ ಒಂದು ಬೆಳಿಗ್ಗೆ ಗೇಟಿನ ಮುಂದೆ ಬೋರ್‌ವೆಲ್ ಲಾರಿ ಬಂದು ನಿಂತಿತು. ಮುನಿಯಪ್ಪನವರು ಸೈಟಿನಲ್ಲಿ ಮನೆ ಕಟ್ಟಿಸಲು ತೀರ್ಮಾನಿಸಿ, ಯಾರಿಗೂ ಹೇಳಿರಲಿಲ್ಲ.

“ಹಾಲ್ದುಂಬಿರೋ ತೆನೆ ಮೇಲೆ ಲಾರಿ ಹತ್ತುಸ್ತೀಯಾ?” ಲಕ್ಷ್ಮಮ್ಮ ಗಂಡನನ್ನು ಕೇಳಿದರು.

“ನಾಕು ಸಾಲು ಜೋಳಕ್ಕೆ ಬೋರು ನಿಲ್ಸಕ್ಕಾಯ್ತದೇನೆ?”

ಲಕ್ಷ್ಮಮ್ಮ ಸೀರೆ ಎತ್ತಿಕಟ್ಟಿ ಮೊದಲ ಸಾಲಿನ ಮುಂದೆ ಕೂತರು. ಕಾಲೇಜಿಗೆಂದು ಇಸ್ತ್ರಿಯ ಸೀರೆಯುಟ್ಟಿದ್ದ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಸೀರೆಗೆ ಹತ್ತಿದ ಆ ಮಣ್ಣು ಕೊನೆಯವರೆಗೂ ಹೋಗಲಿಲ್ಲ. ಮುನಿಯಪ್ಪನವರು ಜೋಳವನ್ನೂ ಹೆಂಡತಿಯನ್ನೂ ನೋಡಿದರು. ಹಳೆಯ ರೈತರೇ ಅಲ್ಲವೆ? “ಒಂದ್ ತಿಂಗ್ಳು ಬಿಟ್ಟು ಬಾರಪ್ಪಾ,” ಎಂದು ಚಾಲಕನನ್ನು ಕಳಿಸಿದರು.

ಒಣಗಿದ ತೆನೆಗಳ ಮುಸುಕು ಸುಲಿದ ದಿನ ಸಿಕ್ಕಿದ್ದೆಲ್ಲ ಚುಕ್ಕೆಯೇ. ಕಡೆಯ ಬುಟ್ಟಿಯಲ್ಲಿ ಲಕ್ಷ್ಮಮ್ಮನವರ ಬೆರಳು ನಿಂತಿತು. “ಇದೇನೇ ತಾಯಿ, ಇದೊಂದು ಪೂರ್ತಿ ಕಪ್ಪಗೈತೆ?” ಚುಕ್ಕೆಗಳ ನಡುವೆ ಅಚ್ಚ ನೇರಳೆಯ ಒಂದೇ ಒಂದು ಕಾಳು.

ಆದರೂ ಅದು ಬರಿಯ ಅನುಮಾನ. ಸಾಕ್ಷಿ ಅದರ ಮಕ್ಕಳಲ್ಲಿತ್ತು. ಅಷ್ಟರಲ್ಲಿ ಸೈಟಿನಲ್ಲಿ ಪಾಯ ತೋಡಿದ್ದರು. ಮಹಡಿಯ ಮೇಲೆ ಹಳೆಯ ಡ್ರಮ್ಮಿಗೆ ಗೊಬ್ಬರ ತುಂಬಿ ಆ ಒಂದೇ ಕಾಳನ್ನು ಊರಿದೆ. ದಿನಕ್ಕೆರಡು ಸಲ ಇಣುಕುವ ನನ್ನ ಚಟವನ್ನು ಕಂಡು ಮುನಿಯಪ್ಪನವರೇ ಡ್ರಮ್ಮಿನ ಸುತ್ತ ಹಕ್ಕಿ ಕುಕ್ಕದಂತೆ ಬಲೆ ಕಟ್ಟಿಕೊಟ್ಟರು. ಮತ್ತೆ ಅದರದೇ ಪರಾಗದಿಂದ ಕಟ್ಟಿದ ತೆನೆಯ ಮುಸುಕು ತೆಗೆದಾಗ ಮುಕ್ಕಾಲುಪಾಲು ಕಾಳು ನೇರಳೆ, ಮಿಕ್ಕವು ಚುಕ್ಕೆ; ಒಂದು ಗುಣ ಮಕ್ಕಳಿಗೆ ಹಂಚಿಕೆಯಾಗುವಾಗ ಬೀಳುವ ಮೂರಕ್ಕೊಂದರ ಲೆಕ್ಕವೇ ಅದು. ಜಿಗಿತ ದಾಟಿತ್ತು.

ಆ ತೆನೆಯೊಂದಿಗೆ ಲಕ್ಷ್ಮಮ್ಮನವರನ್ನೂ ತರಗತಿಗೆ ಕರೆದೊಯ್ದೆ. ಅಂತಿಮ ವರ್ಷಕ್ಕೆ ಬಂದಿದ್ದ ಶಾಹೀನ್ ಕಾಳುಗಳನ್ನು ಎರಡು ಸಲ ಎಣಿಸಿ, ತೆನೆಯನ್ನು ಪಕ್ಕದವಳಿಗೆ ದಾಟಿಸಿದಳು. ‘ಕಸ’ ಎಂದದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡೆ: ಜಿಗಿಯುವ ತುಣುಕು ಎಷ್ಟೋ ಸಲ ಕೆಡಿಸುತ್ತದೆ, ಬಹಳ ಸಲ ಸುಮ್ಮನಿರುತ್ತದೆ, ಅಪರೂಪಕ್ಕೊಮ್ಮೆ ಹೊಸದೊಂದನ್ನು ಕಟ್ಟುತ್ತದೆ, ಆ ಅಪರೂಪಗಳೇ ಕೂಡಿ ಕೂಡಿ ಜೀವಜಾತಿಗಳು ಬದಲಾಗಿವೆ.

ಹಿಂದಿನ ಬೆಂಚಿನಿಂದ ಲಕ್ಷ್ಮಮ್ಮ ಕೇಳಿದರು, “ಈ ಜಿಗಿಯೋವು ನಮ್ಮೊಳ್ಗೂ ಅವಾ?”

“ಅದಾವ್ರಿ ಅಮ್ಮಾ. ಬಾಳಷ್ಟು ಜಿಗಿಯೂದು ಬಿಟ್ಟಾವು. ರೋಗದ ಜೊತೆ ಹೊಡೆದಾಡೋ ಶಕ್ತಿ ನಮಗ ಬಂದಿದ್ದರಾಗೂ ಅಂಥಾ ಒಂದರ ಕೈವಾಡ ಐತಿ ಅಂತಾರ.”

“ಹಂಗಾದ್ರೆ ಬಂದು ಸೇರ್ಕೊಂಡು ಕೆಲ್ಸ ಕಲ್ತವೆ ಅನ್ನು,” ಎಂದರು. ಮುಂದೆ ಬಂದು, ತರಗತಿ ಸುತ್ತಿ ನನ್ನ ಕೈಗೆ ಮರಳಿದ್ದ ತೆನೆ ತೆಗೆದುಕೊಂಡು, ನೇರಳೆ ಕಾಳು ಒಂದು ಹಿಡಿ, ಚುಕ್ಕೆಯದು ಒಂದು ಹಿಡಿ ಬಿಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಇದು ಬಿತ್ತನೆಗೆ,” ಎಂದರು. “ಎರಡೂ ಇರ್ಲಿ.”